ಸಭೆಯಲ್ಲಿ ಹೂಂ, ದಾರಿಯಲ್ಲಿ ಉಹೂಂ

ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆಗಿನ ಒಂದು ಊರಿನಿಂದ, ಬಿ.ಎಡ್. ಓದುತ್ತಿರುವ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಊರಿನ ಹೆಸರನ್ನು ನಾವೇ ತೆಗೆದಿದ್ದೇವೆ. ಪತ್ರ ಉದ್ದವಿತ್ತು, ಮುಖ್ಯ ಭಾಗ ಇಷ್ಟು:

"ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶದ ಬಗ್ಗೆ ಸಭೆ ಇತ್ತು. ಗಂಡಸರು ಕುರ್ಚಿಯಲ್ಲಿ, ನಾವು ಹಿಂದೆ ಚಾಪೆಯಲ್ಲಿ. ಮೊಕ್ತೇಸರರು ಖರ್ಚಿನ ಅಂದಾಜು ಓದಿದರು. ಬೆಂಗಳೂರಿನಲ್ಲಿ ಹೋಟೆಲು ಇಟ್ಟಿರುವ ಒಬ್ಬರು ಎದ್ದು ಐದು ಲಕ್ಷ ಎಂದರು. ಆಮೇಲೆ ಮೈಕಿನಲ್ಲಿ ಮನೆ ಮನೆಯ ಹೆಸರು ಕೂಗುತ್ತಾ ಬಂದರು. ಅಡಿಕೆಗೆ ಎಲೆಚುಕ್ಕಿ ರೋಗ, ಸೊಸೈಟಿ ಸಾಲದ ಕಂತು ಬಾಕಿ, ಹಾಗಾಗಿ ಹತ್ತು ಸಾವಿರ ಎಂದು ಮನೆಯಲ್ಲೇ ನಿಶ್ಚಯ ಮಾಡಿಕೊಂಡು ಹೋದದ್ದು. ಅಪ್ಪ ಐವತ್ತು ಸಾವಿರ ಎಂದುಬಿಟ್ಟರು. ಸುತ್ತುಗೋಪುರದ ಹಳೆಯ ಮರದ ಮಾಡು (ಛಾವಣಿ) ತೆಗೆದು ಕಾಂಕ್ರೀಟ್ ಹಾಕುವುದೆಂದೂ ತೀರ್ಮಾನವಾಯಿತು. 'ಯಾರಿಗಾದರೂ ಬೇರೆ ಅಭಿಪ್ರಾಯ ಉಂಟಾ?' ಎಂದು ಕೇಳಿದರು. ಯಾರೂ ಏಳಲಿಲ್ಲ. ತೋಡಿನ ಸಂಕ ದಾಟುವ ಹೊತ್ತಿಗೆ ನಮ್ಮ ಜೊತೆಗಿದ್ದವರೆಲ್ಲ, 'ಎಂತ ಮಾರಾಯ್ರೆ ಇದು, ಮಾಡು ಗಟ್ಟಿ ಇತ್ತಲ್ಲ' ಎಂದು ಶುರು ಮಾಡಿದರು. ಮನೆಯಲ್ಲಿ ಯಾರ ಮಾತನ್ನೂ ಕೇಳದ ಅಪ್ಪ, ಯಾರೂ ಒತ್ತಾಯ ಮಾಡದ ಸಭೆಯಲ್ಲಿ ಯಾಕೆ ಹೀಗೆ ಬಗ್ಗಿದರು? ನಾನೂ ಬಾಯಿ ಬಿಡಲಿಲ್ಲ. ನಮ್ಮ ಮನಶ್ಶಾಸ್ತ್ರದ ಪಾಠದಲ್ಲಿ ಮಿಲ್‌ಗ್ರಾಮ್ ಪ್ರಯೋಗ ಉಂಟು. ನೂರಕ್ಕೆ 65 ಮಂದಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಂತೆ. ನಾವು ಆ 65ರವರಾ?"

ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಯಾಕೆ ಅಲ್ಲ ಎಂಬುದಕ್ಕೆ ಸ್ವಲ್ಪ ತಾಳ್ಮೆ ಬೇಕು. ನಿಮ್ಮ ಪತ್ರದಲ್ಲಿ ಒಂದೇ ಎಂದು ಕಾಣುವ ಎರಡು ಸಂಗತಿಗಳಿವೆ. ತಂದೆಯವರ ಐವತ್ತು ಸಾವಿರ ಒಂದು, ಮಾಡಿನ ವಿಷಯದ ಮೌನ ಇನ್ನೊಂದು. ಎರಡಕ್ಕೂ ಕಾರಣ ಬೇರೆ ಬೇರೆ.

ಮುಜಾಫರ್ ಶೆರೀಫ್ ಎಂಬವರು ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಓದಿದ ಮನಶ್ಶಾಸ್ತ್ರಜ್ಞ. 1935ರಲ್ಲಿ ಅವರು ಪ್ರಕಟಿಸಿದ ಪ್ರಯೋಗಕ್ಕೆ ಬೇಕಾದದ್ದು ಒಂದು ಕತ್ತಲೆ ಕೋಣೆ ಮತ್ತು ಒಂದು ಸಣ್ಣ ಬೆಳಕಿನ ಚುಕ್ಕಿ. ಚುಕ್ಕಿ ನಿಂತಲ್ಲೇ ಇರುತ್ತದೆ, ಆದರೆ ಸುತ್ತ ಬೇರೇನೂ ಕಾಣದ ಕಾರಣ ನೋಡುವವನಿಗೆ ಅದು ಸರಿದಂತೆ ತೋರುತ್ತದೆ. ಎಷ್ಟು ಸರಿಯಿತು ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಎರಡು ಮೂರು ಮಂದಿಯನ್ನು ಒಟ್ಟಿಗೆ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಲೆಕ್ಕಗಳು ಒಂದಕ್ಕೊಂದು ಹತ್ತಿರ ಬಂದವು. ಆಮೇಲೆ ಮತ್ತೆ ಒಬ್ಬರನ್ನೇ ಕೂರಿಸಿದರೂ ಗುಂಪಿನಲ್ಲಿ ಹುಟ್ಟಿದ ಲೆಕ್ಕವೇ ಉಳಿಯಿತು. ಯಾರೂ ಯಾರನ್ನೂ ಒತ್ತಾಯ ಮಾಡಿರಲಿಲ್ಲ. ಸರಿಯುತ್ತರ ಇಲ್ಲದ ಕಡೆ ಮನುಷ್ಯ ಪಕ್ಕದವನ ಬಾಯಿಯಿಂದ ಬಂದದ್ದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ.

ದೇವರಿಗೆ ಎಷ್ಟು ಕೊಟ್ಟರೆ ಸರಿ? ಇದಕ್ಕೆ ಯಾವ ಶಾಸ್ತ್ರದಲ್ಲೂ ದರಪಟ್ಟಿ ಇಲ್ಲ. ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ ನಿಮ್ಮ ತಂದೆಯವರ ಕಣ್ಣೆದುರು ಇದ್ದದ್ದು ಅಡಿಕೆಯ ಎಲೆ ಮತ್ತು ಸೊಸೈಟಿಯ ನೋಟೀಸು. ಸಭೆಯಲ್ಲಿ ಇದ್ದದ್ದು ಐದು ಲಕ್ಷ, ಎರಡು ಲಕ್ಷ, ಒಂದು ಲಕ್ಷ. ಆ ಸಾಲಿನ ಕೊನೆಯಲ್ಲಿ ಹತ್ತು ಸಾವಿರ ಎನ್ನುವುದು ಭಕ್ತಿಯ ಕೊರತೆಯಂತೆ ಕೇಳಿಸುತ್ತದೆ, ಐವತ್ತು ಸಾವಿರ ಮಿತವಾಗಿ ಹೇಳಿದಂತೆ ಕೇಳಿಸುತ್ತದೆ. ಸಭೆ ನಡೆಸಿ ಪಳಗಿದವರಿಗೆ ಇದು ಶೆರೀಫರನ್ನು ಓದದೆಯೇ ಗೊತ್ತು. ಮೊದಲ ಹೆಸರು ಯಾರದ್ದೆಂದು ಅನೇಕ ಕಡೆ ಹಿಂದಿನ ರಾತ್ರಿಯೇ ಫೋನಿನಲ್ಲಿ ನಿಶ್ಚಯವಾಗಿರುತ್ತದೆ. ಅದರ ಮೇಲೆ ಮೈಕು ಬೇರೆ. ಮೈಕಿನಲ್ಲಿ ಕೂಗಿದ ಅಂಕಿ ಕರಪತ್ರದಲ್ಲಿ ಅಚ್ಚಾಗುತ್ತದೆ, ಮೊಮ್ಮಕ್ಕಳ ಮದುವೆಯಲ್ಲೂ ನೆನಪಿಗೆ ಬರುತ್ತದೆ. ಸಂಪಾದಕನಾಗಿ ಒಂದು ಮಾತು ಹೇಳುತ್ತೇನೆ, ಸಮಿತಿಯವರು ಸಿಟ್ಟಾದರೂ ಚಿಂತೆಯಿಲ್ಲ: ಸಾಲ ಇರುವ ಮನೆಯ ಯಜಮಾನನ ಬಾಯಿಯಿಂದ ಮೈಕಿನ ಮುಂದೆ ಹೊರಡಿಸಿದ ದುಡ್ಡನ್ನು ಕಾಣಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಮಾಡಿನ ಕತೆ ಬೇರೆ. ಅಲ್ಲಿ ಕತ್ತಲೆ ಇರಲಿಲ್ಲ. ಮರ ಗಟ್ಟಿಯಾಗಿದೆ ಎಂಬುದು ದಿನಾ ನೋಡುವವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು. ಇದನ್ನು ಪರೀಕ್ಷಿಸಿದವರು ಸೊಲೊಮನ್ ಆಶ್, 1950ರ ದಶಕದ ಮೊದಲ ವರ್ಷಗಳಲ್ಲಿ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ ಎಂದು ಹೇಳಬೇಕು. ಒಂದನೇ ಕ್ಲಾಸಿನ ಮಗು ಹೇಳಬಹುದಾದ ಉತ್ತರ. ಕೋಣೆಯಲ್ಲಿ ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. 18 ಸುತ್ತುಗಳಲ್ಲಿ 12 ಸಲ ಅವರೆಲ್ಲ ಒಟ್ಟಾಗಿ ಒಂದೇ ತಪ್ಪು ಉತ್ತರ ಹೇಳಿದರು. ಗುಟ್ಟು ತಿಳಿಯದ ಆ ಒಬ್ಬನ ಸರದಿ ಹೆಚ್ಚುಕಡಿಮೆ ಕೊನೆಗೆ. ಆ 12 ಸುತ್ತುಗಳಲ್ಲಿ ಇಂಥವರು ಕೊಟ್ಟ ಉತ್ತರಗಳ ಪೈಕಿ ನೂರಕ್ಕೆ ಸುಮಾರು 37 ಗುಂಪಿನ ತಪ್ಪನ್ನೇ ಹಿಡಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆ ಹೋದರು. ಪಾಠಪುಸ್ತಕ ಸಾಧಾರಣ ಇಲ್ಲಿಗೆ ನಿಲ್ಲಿಸುತ್ತದೆ. ಉಳಿದ 63 ಉತ್ತರಗಳು ಸರಿಯಾಗಿದ್ದವು, ನಾಲ್ವರಲ್ಲಿ ಒಬ್ಬ ಒಮ್ಮೆಯೂ ಬಗ್ಗಲಿಲ್ಲ ಎಂಬುದನ್ನು ನಾವೇ ಸೇರಿಸಿ ಓದಿಕೊಳ್ಳಬೇಕು.

ಇದಕ್ಕಿಂತ ನಿಮಗೆ ಉಪಯೋಗಕ್ಕೆ ಬರುವುದು ಆಶ್ ಆಮೇಲೆ ಮಾಡಿದ ಬದಲಾವಣೆಗಳು. ಎದುರು ಒಬ್ಬನೇ ತಪ್ಪು ಹೇಳುವವನಿದ್ದರೆ ಯಾರೂ ಅಲ್ಲಾಡಲಿಲ್ಲ ಎನ್ನಬಹುದು. ಇಬ್ಬರಾದಾಗ ನೂರಕ್ಕೆ 14ರ ಹತ್ತಿರ, ಮೂವರಾದಾಗ 32ರ ಹತ್ತಿರ. ಅಲ್ಲಿಂದ ಮುಂದೆ ಮಂದಿ ಹೆಚ್ಚಿಸಿದರೂ ಒತ್ತಡ ಹೇಳುವಷ್ಟು ಏರಲಿಲ್ಲ. ನಿಮ್ಮ ಸಭೆಗೆ ಎಷ್ಟು ಜನ ಬಂದಿದ್ದರೆಂದು ನೀವು ಬರೆದಿಲ್ಲ. ಅದು ಬೇಕಾಗಿಯೂ ಇಲ್ಲ, ಮುಂದಿನ ಸಾಲಿನಲ್ಲಿ ಒಟ್ಟಿಗೆ ತಲೆಯಾಡಿಸಿದ ಮೂವರು ಸಾಕು. ಇನ್ನೊಂದು ಬದಲಾವಣೆಯಲ್ಲಿ ಗುಂಪಿನೊಳಗೆ ಒಬ್ಬನಿಂದ ಸರಿಯುತ್ತರ ಹೇಳಿಸಿದರು. ಆಗ ಗುಂಪಿನ ಜೊತೆ ಹೋಗುವುದು ಮೊದಲಿನ ಕಾಲುಭಾಗಕ್ಕೆ ಇಳಿಯಿತು. ಉತ್ತರವನ್ನು ಬಾಯಿಯಲ್ಲಿ ಹೇಳುವ ಬದಲು ಕಾಗದದಲ್ಲಿ ಬರೆದು ಕೊಡಿ ಎಂದಾಗಲೂ ಹಾಗೆಯೇ ತುಂಬ ಇಳಿಯಿತು. ಕಣ್ಣು ಮೊದಲೇ ಸರಿಯಾಗಿತ್ತು, ಜೊತೆಗೊಬ್ಬರು ಇರಲಿಲ್ಲ ಅಷ್ಟೆ.

ಹಾಗಾದರೆ ಸಂಕ ದಾಟಿದ ಮೇಲೆ ಅಷ್ಟೊಂದು ಜೊತೆಗಾರರು ಎಲ್ಲಿಂದ ಬಂದರು? ಸಭೆಯಲ್ಲೂ ಅವರೇ ಇದ್ದರು. ಒಬ್ಬರಿಗೊಬ್ಬರು ಕಾಣಲಿಲ್ಲ. ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೋಣೆಯಲ್ಲಿ ಕೂತು ಅರ್ಜಿ ತುಂಬುತ್ತಿರುವಾಗ ಗೋಡೆಯ ಸಂದಿನಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ಹೇಳಿದರು. ಹೊಗೆ ಕಂಡೂ ಕಾಣದಂತೆ ಕೂರಲು ಹೇಳಿಕೊಟ್ಟ ಇಬ್ಬರು ಪಕ್ಕದಲ್ಲಿದ್ದಾಗ ಎದ್ದವರು ನೂರಕ್ಕೆ 10. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮಿಕೊಂಡು ಅರ್ಜಿ ತುಂಬುತ್ತಲೇ ಇದ್ದರು. ಆಮೇಲೆ ಕೇಳಿದರೆ ಅದು ಹಬೆ ಇರಬೇಕು, ಬೇರೇನೋ ಇರಬೇಕು ಎಂದರು. ಪಕ್ಕದವನು ಸುಮ್ಮನಿದ್ದಾನೆ, ಆದ್ದರಿಂದ ಇದು ಅಪಾಯವಲ್ಲ ಎಂಬ ತರ್ಕ. ನಿಮ್ಮ ಸಭೆಯಲ್ಲಿ ಇದು ಎರಡೂ ಕಡೆಯಿಂದ ನಡೆದಿದೆ. ನೀವು ಸಂಕದವರೆಗೆ ಜೊತೆ ಬಂದವರ ಮುಖ ನೋಡಿ 'ಇವರಿಗೆ ಒಪ್ಪಿಗೆ' ಅಂದುಕೊಂಡಿರಿ, ಅವರು ನಿಮ್ಮ ತಂದೆಯ ಮುಖ ನೋಡಿ ಅದನ್ನೇ ಅಂದುಕೊಂಡರು. ವೇದಿಕೆಯ ಮೇಲಿದ್ದ ಮೊಕ್ತೇಸರರು ಎಲ್ಲರ ಮುಖ ನೋಡಿ ಅದನ್ನೇ ಅಂದುಕೊಂಡಿರಬಹುದು. ಅವರನ್ನು ದುಷ್ಟರೆಂದು ತಿಳಿಯಲು ನಿಮ್ಮ ಪತ್ರದಲ್ಲಿ ನನಗೆ ಕಾರಣ ಕಾಣಲಿಲ್ಲ. ಅವರಿಗೂ ಮಾಡಿನ ಬಗ್ಗೆ ಸಂಶಯವಿದ್ದು, ಊರಿಗೆ ಕಾಂಕ್ರೀಟೇ ಬೇಕೆಂದು ಬಗೆದಿದ್ದರೂ ಇರಬಹುದು.

ಈಗ ಮಿಲ್‌ಗ್ರಾಮ್. 1961ರ ಆಗಸ್ಟಿನಲ್ಲಿ, ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ನಡೆದ ವರ್ಷ, ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಶುರು ಮಾಡಿದರು. ಬೂದು ಕೋಟು ಹಾಕಿದ ಒಬ್ಬ 'ವಿಜ್ಞಾನಿ' ಹೇಳುತ್ತಾನೆ: ಆಚೆ ಕೋಣೆಯಲ್ಲಿರುವವನು ಪಾಠ ತಪ್ಪಿದಾಗೆಲ್ಲ ಈ ಸ್ವಿಚ್ ಒತ್ತಿ. 15 ವೋಲ್ಟಿನಿಂದ 450ರವರೆಗೆ 30 ಸ್ವಿಚ್ಚುಗಳು. ಆಚೆಯವನಿಗೆ ನಿಜವಾಗಿ ಶಾಕ್ ಇಲ್ಲ, ಆದರೆ ಒತ್ತುವವನಿಗೆ ಅದು ಗೊತ್ತಿಲ್ಲ. 300 ವೋಲ್ಟಿನಲ್ಲಿ ಗೋಡೆ ಬಡಿಯುವ ಸದ್ದು, ಸ್ವಲ್ಪ ಕಳೆದರೆ ಏನೂ ಸದ್ದಿಲ್ಲ. ಕೊನೆಯವರೆಗೆ ಹೋಗುವವರು ಸಾವಿರಕ್ಕೆ ಒಬ್ಬರಿರಬಹುದು ಎಂದು ಮನೋವೈದ್ಯರು ಊಹಿಸಿದ್ದರು. ಹೋದವರು 40ರಲ್ಲಿ 26. ನಿಮ್ಮ ಪುಸ್ತಕದ 65 ಬಂದದ್ದು ಇಲ್ಲಿಂದ.

ಆದರೆ ಅದು ಒಂದು ಏರ್ಪಾಡಿನ ಅಂಕಿ. ಮಿಲ್‌ಗ್ರಾಮ್ ಇಪ್ಪತ್ತಕ್ಕೂ ಹೆಚ್ಚು ಏರ್ಪಾಡು ಬದಲಿಸಿ ನೋಡಿದರು. ವಿಜ್ಞಾನಿ ಕೋಣೆ ಬಿಟ್ಟು ಹೋಗಿ ಫೋನಿನಲ್ಲಿ ಆಜ್ಞೆ ಕೊಟ್ಟಾಗ ಕೊನೆ ಮುಟ್ಟಿದವರು ಸುಮಾರು ಐದರಲ್ಲಿ ಒಬ್ಬರು. ಪಕ್ಕದಲ್ಲಿ ಕೂತ ಇಬ್ಬರು 'ನಾವಿನ್ನು ಒತ್ತುವುದಿಲ್ಲ' ಎಂದು ಎದ್ದಾಗ 40ರಲ್ಲಿ ನಾಲ್ವರು. ಇಬ್ಬರು ವಿಜ್ಞಾನಿಗಳು ನಿಂತು ಒಬ್ಬ 'ಸಾಕು' ಎಂದು, ಇನ್ನೊಬ್ಬ 'ಮುಂದುವರಿಸಿ' ಎಂದಾಗ ಕೊನೆಯವರೆಗೆ ಹೋದವರೇ ಇಲ್ಲ. ಅದೇ ಊರು, ಅದೇ ತರದ ಮಂದಿ. ನಾವು 65ರವರಾ ಎಂದು ಕೇಳಿದಿರಲ್ಲ, ಹಾಗೆ ಹಣೆಯಲ್ಲಿ ಬರೆದ ಜಾತಿ ಯಾವುದೂ ಇಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದೇ ಮನುಷ್ಯ 26ರಲ್ಲೂ ಇರಬಹುದು, ಆ ನಾಲ್ವರ ಹೊರಗೂ ಇರಬಹುದು.

ಇನ್ನೊಂದು ವಿಷಯ ನಿಮ್ಮ ಸಭೆಗೆ ಇನ್ನೂ ಹತ್ತಿರ. ಒತ್ತಲು ಹಿಂಜರಿದವರಿಗೆ ಹೇಳಲು ನಾಲ್ಕು ಸಿದ್ಧ ಮಾತುಗಳಿದ್ದವು. ಕೊನೆಯದು: 'ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು.' ಜೆರ್ರಿ ಬರ್ಗರ್ ಎಂಬವರು 150 ವೋಲ್ಟಿಗೆ ನಿಲ್ಲಿಸುವ ಷರತ್ತಿನಲ್ಲಿ ಪ್ರಯೋಗವನ್ನು ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದಾಗ, ಈ ನಾಲ್ಕನೆಯ ಮಾತು ಕೇಳಿದ ಒಬ್ಬರೂ ಮುಂದುವರಿಯಲಿಲ್ಲ. ನೇರ ಆಜ್ಞೆ ಸೋತಿತು. ಪ್ರಯೋಗಕ್ಕೆ ಇದು ಅಗತ್ಯ ಎಂಬ ಧಾಟಿಯ ಮಾತು ಗೆದ್ದಿತ್ತು. ಅಲೆಕ್ಸಾಂಡರ್ ಹ್ಯಾಸ್ಲಮ್, ಸ್ಟೀಫನ್ ರೈಶರ್ ಮುಂತಾದವರು ಇದರಿಂದ ಬೇರೊಂದು ಅರ್ಥ ತೆಗೆದರು: ಆ ಜನ ಗುಲಾಮರಂತೆ ಆಜ್ಞೆ ಪಾಲಿಸಲಿಲ್ಲ, ವಿಜ್ಞಾನ ಎಂಬ ದೊಡ್ಡ ಕೆಲಸದಲ್ಲಿ ಪಾಲುಗೊಳ್ಳುತ್ತಿದ್ದೇವೆ ಎಂದು ನಂಬಿದ್ದರು. ಎಲ್ಲ ಮನಶ್ಶಾಸ್ತ್ರಜ್ಞರೂ ಇದನ್ನು ಒಪ್ಪುವುದಿಲ್ಲ. ನನಗೆ ಮಾತ್ರ ಇದು ಸರಿ ಎನಿಸುತ್ತದೆ. ನಿಮ್ಮ ಮೊಕ್ತೇಸರರು 'ಕೊಡಲೇಬೇಕು' ಎಂದಿದ್ದರೆ ನಿಮ್ಮ ತಂದೆ ಅಲ್ಲೇ ಎದ್ದು ಜಗಳಕ್ಕೆ ನಿಲ್ಲುತ್ತಿದ್ದರು. ನೀವು ಬರೆದ ಸ್ವಭಾವ ನೋಡಿದರೆ ಖಂಡಿತ. ಆದರೆ 'ದೇವರ ಕೆಲಸ' ಎಂದರೆ ಯಾರ ವಿರುದ್ಧ ಜಗಳ ಮಾಡುವುದು?

ಅಧಿಕಾರ ಆಳಿನಲ್ಲಿರುವುದಕ್ಕಿಂತ ಆತ ನಿಂತ ಜಾಗದಲ್ಲಿ, ಹಾಕಿದ ವೇಷದಲ್ಲಿ ಇರುತ್ತದೆ ಎಂಬುದನ್ನು ದೈವದ ವೇಷ ಕಟ್ಟಿ ಕುಣಿಯುವ ಕೋಲ, ತೆಯ್ಯಂ ನೋಡಿ ಬೆಳೆದ ನಮಗೆ ಯೇಲ್‌ನವರು ಹೇಳಿಕೊಡಬೇಕಾಗಿಲ್ಲ. ಹಗಲು ಅಂಗಳದ ಆಚೆ ನಿಲ್ಲಿಸಿದವನ ಎದುರು ರಾತ್ರಿ ಮುಡಿ ಏರಿದ ಮೇಲೆ ಯಜಮಾನ ಕೈಮುಗಿದು ನಿಲ್ಲುತ್ತಿದ್ದ. ಪೊಟ್ಟನ್ ತೆಯ್ಯಂ ಅಂತೂ ಆ ಜಾಗದಲ್ಲಿ ನಿಂತು ಜಾತಿಯ ಮೇಲುಕೀಳನ್ನೇ ಪ್ರಶ್ನಿಸುತ್ತದೆ. ಕೇಳಿದವರು ಬೆಳಗಾದ ಮೇಲೆ ಏನು ಮಾಡಿದರು ಎಂಬುದು ಬೇರೆ ಮಾತು.

ವಿದ್ಯಾರ್ಥಿಗಳನ್ನೇ ಕೈದಿಗಳೂ ಕಾವಲುಗಾರರೂ ಆಗಿ ಮಾಡಿದ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 1971ರ ಜೈಲು ಪ್ರಯೋಗವೂ ನಿಮ್ಮ ಪಾಠದಲ್ಲಿರಬಹುದು. ಎರಡು ವಾರ ನಡೆಯಬೇಕಿದ್ದದ್ದು ಆರು ದಿನಕ್ಕೆ ನಿಂತಿತು. ಕಾವಲುಗಾರರಾದ ವಿದ್ಯಾರ್ಥಿಗಳಿಗೆ ಕಠಿಣವಾಗಿರಲು ಮೊದಲೇ ಸೂಚನೆ ಇತ್ತು ಎಂಬುದು ಆಮೇಲೆ ದಾಖಲೆಗಳಿಂದ ಹೊರಬಂದಿದೆ. ಪರೀಕ್ಷೆಗೆ ಬರೆಯಿರಿ, ಜೀವನಕ್ಕೆ ಬೇಡ.

ಪ್ರಯೋಗಾಲಯ ಸಾಕು. ನಿಮ್ಮದೇ ಎಣ್ಮಕಜೆ ಪಂಚಾಯತಿಗೆ ಬರೋಣ. ನೀವು ಹುಟ್ಟುವ ಹೊತ್ತಿಗೆ ಹೆಲಿಕಾಪ್ಟರು ನಿಂತಿರಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದಿತು. ಕೆಳಗೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರು, ತೋಡಿನ ನೀರು ಕುಡಿಯುವ ಮನೆಗಳು. ಮದ್ದು ಬಿಡುವುದು ಸರ್ಕಾರದ ಕಡೆಯವರು, ಅಪಾಯವಿಲ್ಲ ಎನ್ನುವುದು ಕಲಿತವರು. ಬೂದು ಕೋಟಿನ ಬದಲು ಖಾತೆಯ ಮೊಹರು. ತನ್ನ ಮನೆಯ ಮಗುವಿನ ಕಾಯಿಲೆ ತನ್ನ ಮನೆಯ ಕರ್ಮ ಎಂದು ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡರು. ದೈವದ ಶಾಪ ಎಂದವರೂ ಇದ್ದರು. ಪಕ್ಕದ ಮನೆಯಲ್ಲೂ ಅದೇ ಇದೆ ಎಂದು ಲೆಕ್ಕ ಹಾಕಲು ಎಲ್ಲ ಮನೆಗಳ ಒಳಗೆ ಹೋಗುವ ಒಬ್ಬರು ಬೇಕಿತ್ತು. ವಾಣಿನಗರದ ಡಾಕ್ಟರ್ ಮೋಹನ ಕುಮಾರ್ ಹಾಗೆ ಹೋಗುತ್ತಿದ್ದರು, ಒಂದೇ ಸಣ್ಣ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳತೊಡಗಿದರು. ಪತ್ರಕರ್ತ, ಕೃಷಿಕ ಶ್ರೀಪಡ್ರೆ ಕರುಗಳು ಊನವಾಗಿ ಹುಟ್ಟುವುದನ್ನು ಗಮನಿಸಿ ಬರೆದರು, ಮತ್ತೆ ಬರೆದರು. ಇದೇ ಜಿಲ್ಲೆಯ ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 1998ರಲ್ಲಿ ತಡೆಯಾಜ್ಞೆ ಬಂತು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಇವರನ್ನು ಧೀರರು ಎಂದು ಹೊಗಳಿ ಮುಗಿಸಿದರೆ ನಮಗೆ ಅನುಕೂಲ, ಯಾಕೆಂದರೆ ಧೀರರಲ್ಲದ ನಾವು ಸುಮ್ಮನಿರಬಹುದು. ನಾನು ಗಮನಿಸುವುದು ಇಷ್ಟು: ಒಬ್ಬರು ಆಸ್ಪತ್ರೆಯ ಕಡೆಯಿಂದ, ಒಬ್ಬರು ಪತ್ರಿಕೆಯ ಕಡೆಯಿಂದ, ಒಬ್ಬರು ಅಧಿಕಾರದ ಒಳಗಿನಿಂದಲೇ ಮಾತಾಡಿದರು. 'ಬೇರೆ ಯಾರೂ ಹೀಗೆ ಹೇಳುತ್ತಿಲ್ಲವಲ್ಲ' ಎನ್ನುವ ಉತ್ತರ ಆಮೇಲೆ ನಡೆಯಲಿಲ್ಲ. ಎರಡನೆಯದು, ಮಾತು ಬದಲಿಸಲಿಲ್ಲ. ಫ್ರಾನ್ಸಿನ ಸೆರ್ಜ್ ಮೊಸ್ಕೊವಿಸಿ 1969ರಲ್ಲಿ ಆಶ್ ಪ್ರಯೋಗವನ್ನು ತಿರುವಿ ಹಾಕಿದರು. ಆರು ಜನರ ಗುಂಪಿನಲ್ಲಿ ಇಬ್ಬರು ಮಾತ್ರ ನೀಲಿಯನ್ನು ಹಸಿರು ಎನ್ನುತ್ತಾರೆ. ಇಬ್ಬರೂ ಪ್ರತಿಸಲ ಹಾಗೆಯೇ ಹೇಳಿದಾಗ ಉಳಿದವರ ಉತ್ತರಗಳಲ್ಲಿ ನೂರಕ್ಕೆ 8ರಷ್ಟು ಅವರ ಕಡೆಗೆ ವಾಲಿದವು. ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳಿದಾಗ ಒಂದಕ್ಕಿಂತ ಚೂರು ಮೇಲೆ. ಎಂಟು ದೊಡ್ಡ ಅಂಕಿ ಏನಲ್ಲ. ಅಲ್ಲಿ ಅವರು ಹೇಳಿದ್ದು ಸುಳ್ಳಾಗಿತ್ತು ಎಂಬುದನ್ನೂ ಮರೆಯಬೇಡಿ. ಬಿಡದೆ ಹೇಳುವ ಇಬ್ಬರು ಸುಳ್ಳನ್ನೂ ಸ್ವಲ್ಪ ನಡೆಸಬಲ್ಲರು. ಊರಿನಲ್ಲಿ ಗಾಳಿಸುದ್ದಿ ಹಬ್ಬುವುದೂ ಹೀಗೆಯೇ.

ಗುಂಪಿನ ಒತ್ತಡ ಎಂದರೆ ಕೆಟ್ಟದ್ದೇ ಎಂದು ನೀವು ತಿಳಿದರೆ ನನಗೆ ಬೇಸರ. ನಿಮ್ಮ ಬ್ರಹ್ಮಕಲಶದ ದಿನ ಹೊರೆಕಾಣಿಕೆ ಬರುತ್ತದೆ, ಕರೆಯದೆಯೇ ತರಕಾರಿ ಹೆಚ್ಚಲು ಮಂದಿ ಸೇರುತ್ತಾರೆ, ಸಾವಿರಾರು ಎಲೆ ಬೀಳುತ್ತದೆ. ಪಕ್ಕದ ಮನೆಯವರು ಹೋದರು, ನಾವೂ ಹೋಗದಿದ್ದರೆ ಹೇಗೆ ಎಂಬ ಅದೇ ಮನಸ್ಸು ಅಲ್ಲೂ ಕೆಲಸ ಮಾಡುವುದು. ಅದಿಲ್ಲದಿದ್ದರೆ ಊರು ಎಂಬುದೇ ಇರುವುದಿಲ್ಲ.

ಹಾಗಾಗಿ ಮುಂದಿನ ಸಭೆಯಲ್ಲಿ ಒಬ್ಬರೇ ಎದ್ದು ನಿಂತು ಗುಡುಗಿ ಎಂದು ನಾನು ಹೇಳುವುದಿಲ್ಲ. ಹಿಂದೆ ಚಾಪೆಯಿಂದ ಎದ್ದ ಹುಡುಗಿಯ ಮಾತು ಎಷ್ಟು ದೂರ ಹೋಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಸಂಕದ ಹತ್ತಿರ ಬೈದವರ ಪೈಕಿ ಇಬ್ಬರ ಮನೆಗೆ ಮೊದಲು ಹೋಗಿ. 'ನಾನು ಕೇಳುತ್ತೇನೆ, ನೀವು ಹೌದು ಎಂದರೆ ಸಾಕು' ಎನ್ನಿ. ಮೊದಲ ಮಾತಾಡಲು ಒಪ್ಪದವರು ಎರಡನೆಯ ಮಾತಿಗೆ ಒಪ್ಪುತ್ತಾರೆ. ಕೇಳುವಾಗ 'ಕಾಂಕ್ರೀಟು ಬೇಡ' ಎಂದು ಶುರು ಮಾಡಬೇಡಿ. ಮಾಡಿನ ಮರ ಎಷ್ಟು ಹಾಳಾಗಿದೆ ಎಂದು ಅನುಭವಸ್ಥ ಆಚಾರಿಯೊಬ್ಬರಿಂದ ನೋಡಿಸಿ, ದುರಸ್ತಿಯ ಅಂದಾಜು ತರಿಸೋಣವೇ ಎಂದು ಕೇಳಿ. ದೇವರ ಕೆಲಸದ ವಿರುದ್ಧ ಮಾತಾಡಿದರು ಎಂದು ಅದಕ್ಕೆ ಯಾರೂ ಹೇಳಲಾರರು. ಅಂದಾಜು ಕೈಗೆ ಬಂದರೆ ಆಚಾರಿಯ ಮಾತೂ ಒಂದು ಅಧಿಕಾರವೇ, ಇಬ್ಬರು ವಿಜ್ಞಾನಿಗಳು ಜಗಳವಾಡಿದ ಏರ್ಪಾಡು ನೆನಪು ಮಾಡಿಕೊಳ್ಳಿ.

ವಂತಿಗೆಯ ವಿಷಯ ಸಮಿತಿಯವರಿಗೆ, ಇದನ್ನು ಓದುವ ಎಲ್ಲ ಊರುಗಳ ಸಮಿತಿಯವರಿಗೆ ಹೇಳುವುದು. ಹೆಸರು ಕೂಗುವುದು ಬಿಡಿ, ಮನೆಗೊಂದು ಲಕೋಟೆ ಕೊಡಿ. ಒಟ್ಟು ಮೊತ್ತ ಸ್ವಲ್ಪ ಕಡಿಮೆಯಾದೀತು, ಆದರೆ ಬಂದದ್ದು ನಿಜವಾಗಿ ಬರುತ್ತದೆ. ಮೈಕಿನಲ್ಲಿ ಕೂಗಿದ್ದರಲ್ಲಿ ಎಷ್ಟು ವಸೂಲಾಯಿತು ಎಂದು ನಿಮ್ಮ ಹಳೆಯ ಲೆಕ್ಕದ ಪುಸ್ತಕವನ್ನೇ ತೆರೆದು ನೋಡಿ. ಅಭಿಪ್ರಾಯ ಕೇಳುವುದಾದರೆ ಅಧ್ಯಕ್ಷರು ಕೊನೆಗೆ ಮಾತಾಡಲಿ, ಚಾಪೆಯಿಂದ ಶುರುವಾಗಲಿ.

ನಿಮ್ಮ ತಂದೆಯವರ ಐವತ್ತು ಸಾವಿರಕ್ಕೆ ದಾರಿ ಇಲ್ಲದಿಲ್ಲ. ಮೈಕಿಲ್ಲದ ಕಡೆ, ಮೊಕ್ತೇಸರರ ಮನೆಯ ಜಗಲಿಯಲ್ಲಿ ಕೂತು ರೋಗ ಹಿಡಿದ ತೋಟದ ಸಂಗತಿ ಹೇಳಿದರೆ ಕಂತು ಮಾಡಿಕೊಡಬಹುದು, ಕಡಿಮೆಯೂ ಮಾಡಬಹುದು. ಹೇಳಿದ ಮಾತು ಹಿಂದೆಗೆಯಲು ಅವರು ಒಪ್ಪದಿದ್ದರೆ ಬಿಟ್ಟುಬಿಡಿ, ಅದಕ್ಕಾಗಿ ಮನೆಯಲ್ಲಿ ಇನ್ನೊಂದು ಸಭೆ ಬೇಡ. ಮಾಡಿನ ವಿಷಯಕ್ಕೆ ಮಾತ್ರ ತಡಮಾಡಬೇಡಿ. ಮಳೆ ಬಿಟ್ಟ ಕೂಡಲೇ ಬಿಚ್ಚುವ ಕೆಲಸ ಶುರುವಾಗುತ್ತದೆ, ಒಮ್ಮೆ ಹಂಚು ಇಳಿಸಿದ ಮೇಲೆ ಯಾರ ಅಂದಾಜೂ ಉಪಯೋಗಕ್ಕಿಲ್ಲ.

— ಸಂ.